ಹೊಳಪು ಬೇರೆ, ಬಿಳುಪು ಬೇರೆ

ಹಬ್ಬದ ದಿನ ಮೈಗೆ ಎಣ್ಣೆ ಹಚ್ಚಿ, ಕಡಲೆಹಿಟ್ಟಿನಿಂದ ತಿಕ್ಕಿ ಮೀಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕಡೆಯವರಿಗೆ ಹೊಸದೇನಲ್ಲ. ಬ್ಯೂಟಿ ಪಾರ್ಲರುಗಳ ‘ಸ್ಕ್ರಬ್’, ‘ಪೀಲಿಂಗ್’ಗಳು ಮಾಡುವುದೂ ಮೂಲತಃ ಇದೇ ಕೆಲಸ: ಚರ್ಮದ ಮೇಲಿನ ಸತ್ತ ಪದರವನ್ನು ತೆಗೆಯುವುದು.

ಹೀಗೆ ಪುಡಿಯಿಂದ ಮೈ ತಿಕ್ಕುವುದಕ್ಕೆ ಆಯುರ್ವೇದದಲ್ಲಿ ‘ಉದ್ವರ್ತನ’ ಎಂಬ ಹೆಸರಿದೆ. ವಾಗ್ಭಟನ ‘ಅಷ್ಟಾಂಗಹೃದಯ’ ಅದನ್ನು ದಿನಚರಿಯಲ್ಲೇ ಸೇರಿಸಿದೆ. ಬಾಗಳಿಯ ಕಲ್ಲೇಶ್ವರ ಗುಡಿಯಿರುವ ಹರಪನಹಳ್ಳಿ ಸೀಮೆಯನ್ನು ಒಮ್ಮೆ ಆಳಿದವರು ಕಲ್ಯಾಣದ ಚಾಲುಕ್ಯರು. ಆ ವಂಶದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅರಸನ ಅಭ್ಯಂಜನ, ಸ್ನಾನಗಳಿಗೆ ಪ್ರತ್ಯೇಕ ಭಾಗವೇ ಇದೆ. ಅರಮನೆಯಲ್ಲಿ ಭೋಗವಾಗಿದ್ದುದು ಬಡವರ ಬಚ್ಚಲಲ್ಲಿ ಹಬ್ಬದ ವಾಡಿಕೆಯಾಗಿ ಉಳಿಯಿತು.

ತಿಕ್ಕುವ ಬದಲು ಆಮ್ಲ ಲೇಪಿಸುವ ವಿಧಾನವನ್ನು 1882ರಲ್ಲಿ ಜರ್ಮನಿಯ ಚರ್ಮವೈದ್ಯ ಪಾಲ್ ಗೆರ್ಸನ್ ಉನ್ನಾ ವಿವರಿಸಿದರು. ಕಬ್ಬು, ಹುಳಿಹಾಲು, ಹಣ್ಣುಗಳಲ್ಲಿ ಸಿಗುವ ಬಗೆಯ ಆಮ್ಲಗಳು ಒರಟು ಪದರವನ್ನು ಸಡಿಲಿಸುತ್ತವೆ ಎಂದು 1974ರಲ್ಲಿ ಅಮೆರಿಕದ ವ್ಯಾನ್ ಸ್ಕಾಟ್ ಮತ್ತು ಯೂ ತೋರಿಸಿಕೊಟ್ಟರು. ಇಂದಿನ ಪೀಲಿಂಗ್‌ಗೆ ಇದೇ ತಳಹದಿ.

ಸತ್ತ ಕೋಶಗಳು ಉದುರಿದಾಗ ಮೈ ನುಣುಪಾಗಿ, ಬೆಳಕು ಸಮವಾಗಿ ಪ್ರತಿಫಲಿಸುತ್ತದೆ. ಹೊಳಪಿನ ಗುಟ್ಟು ಇಷ್ಟೇ. ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಇನ್ನೂ ಕೆಳಗಿನ ಪದರದಲ್ಲಿ. ಹುಟ್ಟುಬಣ್ಣ ತಿಕ್ಕಿದರೆ ಹೋಗುವಂಥದ್ದಲ್ಲ. ಬದಲಿಗೆ, ಆಮ್ಲ ಅತಿಯಾದರೆ ಕಪ್ಪು ಮೈಬಣ್ಣದವರಲ್ಲಿ ಚರ್ಮ ಉರಿದು, ಕಲೆ ತಿಂಗಳುಗಟ್ಟಲೆ ನಿಲ್ಲಬಹುದು. ಮದುವೆಗೆ ಮುನ್ನ ಹೆಣ್ಣುಮಕ್ಕಳನ್ನು ‘ಬೆಳ್ಳಗೆ’ ಮಾಡಿಸಲು ಹೊರಡುವ ಹಿರಿಯರು ನೆನಪಿಡಬೇಕಾದ ಮಾತಿದು.