ಮಾಗಡಿ ಕೆರೆ: ಹಕ್ಕಿ ಬಂದದ್ದು ಆಮೇಲೆ, ಕೆರೆ ಕಟ್ಟಿದ್ದು ಮೊದಲು

ಈ ಜನವರಿಯಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ ಬಂದೆ. ನೋಡಾಕ ಹೋದದ್ದು ಹಕ್ಕಿ, ತಲ್ಯಾಗ ಉಳಿದದ್ದು ಕೆರೆಯ ಇತಿಹಾಸ.

ಪಕ್ಷಿಧಾಮ ಅಂತ ಎಲ್ಲರೂ ಕರೀತಾರ. ಆದರೆ ಇದು ತಾನಾಗಿ ಆದ ಸರೋವರ ಅಲ್ಲ. ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಾಕ ಮನುಷ್ಯರು ಕಟ್ಟಿದ ಕೆರೆ, ಸುಮಾರು 50 ಹೆಕ್ಟೇರ್. ಏರಿಗೆ ಮಣ್ಣು ಹೊತ್ತವರ ಲೆಕ್ಕದಾಗ ಹಕ್ಕಿ ಇರಲೇ ಇಲ್ಲ.

ಚಳಿಗಾಲದಲ್ಲಿ ಇಲ್ಲಿಗೆ ಬರೋ ಮುಖ್ಯ ಅತಿಥಿ ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ದೂರದಿಂದಲೇ ಗುರುತು ಸಿಗ್ತದ. ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರ್ತಾವ. 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಇವು ಮೀನು ನಂಬಿದ ಹಕ್ಕಿ ಅಲ್ಲ. ಹುಲ್ಲು, ಕಾಳು, ಎಳೆ ಬೆಳೆ ಮೇಯ್ತಾವ. ಹಗಲು ಕೆರೆಯಲ್ಲಿ ವಿಶ್ರಾಂತಿ, ಕತ್ತಲಾದರೆ ಕಡಲೆ, ಶೇಂಗಾ ಹೊಲ. ಅಂದ್ರ ವಸತಿ ಕೆರೆಯದು, ಊಟ ರೈತನದು.

ಇಲ್ಲಿ ತಮಿಳುನಾಡಿನ ವೇಡಂತಾಂಗಲ್ ನೆನಪಾಗ್ತದ. ಅದೂ ನೀರಾವರಿ ಕೆರೆ. ಬ್ರಿಟಿಷ್ ಸಿಪಾಯಿಗಳು ಹಕ್ಕಿಗೆ ಗುಂಡು ಹೊಡೀತಿದ್ದಾಗ ತಡೆದು ದೂರು ಕೊಟ್ಟವರು ಊರ ರೈತರೇ. 1798ರಲ್ಲಿ ಕಲೆಕ್ಟರ್ ಲಯೋನೆಲ್ ಪ್ಲೇಸ್ ಅವರ ಹಕ್ಕನ್ನು ಮಾನ್ಯ ಮಾಡಿದ. ಕಾರಣ ಬರೀ ದಯೆ ಅಲ್ಲ. ಅಲ್ಲಿ ಹಕ್ಕಿ ಕೆರೆಯೊಳಗಿನ ಮರದಾಗ ಗೂಡು ಕಟ್ತಾವ, ಹಿಕ್ಕೆ ನೀರಿಗೆ ಬೀಳ್ತದ, ಆ ನೀರು ಭತ್ತಕ್ಕೆ ಗೊಬ್ಬರ. ಹಕ್ಕಿಗೂ ರೈತಗೂ ಲೆಕ್ಕ ಸರಿಹೋಗಿತ್ತು.

ಮಾಗಡಿಯ ಲೆಕ್ಕ ಅಷ್ಟು ಸರಳ ಇಲ್ಲ. ಹೊಲದಾಗ ಒಂದಿಷ್ಟು ಹಿಕ್ಕೆ ಬಿದ್ದರೂ, ಮೇಯ್ದು ಹೋದ ಬೆಳೆ ಮೊದಲು ಕಣ್ಣಿಗೆ ಬೀಳ್ತದ. 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಂಕಸಮುದ್ರ, ಅಘನಾಶಿನಿ ಜೊತೆ ಮಾಗಡಿಯೂ ರಾಮ್ಸರ್ ಪಟ್ಟಿಗೆ ಸೇರಿತು. ಹೆಮ್ಮೆಯ ಮಾತೇ. ಆದರೆ ಹಕ್ಕಿಗೆ ಊಟ ಹಾಕಿದ ಹೊಲದವನ ನಷ್ಟ ಯಾರೋ ಒಬ್ಬರು ಬರೆದು ಇಡಬೇಕು, ಕೊಡಬೇಕಾದ್ದು ಕೊಡಬೇಕು. ಇಲ್ಲಾಂದ್ರ ಆ ಗೌರವ ಬೋರ್ಡಿನ ಮ್ಯಾಲೇ ಉಳೀತದ.

ಇನ್ನೊಂದು ಮಾತು. ನೀರು ತರೋ ಹಳ್ಳ ಒತ್ತಿದ್ರ, ಹೂಳು ಹಾಗೇ ಬಿಟ್ರ, ಯಾವ ಪಟ್ಟಿಯೂ ಕೆರೆ ಉಳಿಸಲ್ಲ. ಆಗ ಹಕ್ಕಿ ಬೇರೆ ನೀರು ಹುಡುಕಿ ಹಾರಿ ಹೋಗ್ತದ. ನಮ್ಮ ಬಾವಿ, ಬೋರ್‌ವೆಲ್ ಎಲ್ಲಿಗೆ ಹಾರ್ತಾವ?

ನಿಮ್ಮೂರ ಕೆರೆಗೆ ಯಾವ್ಯಾವ ಹಳ್ಳದ ನೀರು ಬರ್ತಿತ್ತು? ಮನ್ಯಾಗ ಹಿರಿಯರು ಇರೋವಾಗಲೇ ಕೇಳಿ ಬರೆದಿಡ್ರಿ.