ಘರ್ಷಣೆ ಬೇರೆ, ಸವೆತ ಬೇರೆ: ಕೀಲು ಸಂಶೋಧನೆಯಲ್ಲಿ ವರ್ಕ್‌ಶಾಪಿನ ಪಾಲು

ಕೀಲು ಸವೆತದ ಚಿಕಿತ್ಸೆಯ ಚರಿತ್ರೆಯನ್ನು ನಾವು ಶಸ್ತ್ರವೈದ್ಯರ ಹೆಸರುಗಳ ಮೂಲಕವೇ ಓದುತ್ತ ಬಂದಿದ್ದೇವೆ. ಲೇತಿನ ಮುಂದೆ ನಿಂತು ದುಡಿದವರು ಅಡಿಟಿಪ್ಪಣಿಗೆ ಇಳಿದಿದ್ದಾರೆ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಉದಾಹರಣೆಯೊಂದೇ ಸಾಕು, ಈ ಕ್ರಮವನ್ನು ಪ್ರಶ್ನಿಸಲು.

ಕೀಲಿನ ನುಣುಪಿಗೆ ಕಾರಣವೇನು? ತಿರುಗುವ ಬೇರಿಂಗಿನಲ್ಲಿ ಎಣ್ಣೆಯ ಪೊರೆ ಲೋಹಗಳನ್ನು ಬೇರ್ಪಡಿಸುವಂತೆ ಇಲ್ಲಿ ಕೀಲುರಸ ಕೆಲಸ ಮಾಡುತ್ತದೆ ಎಂದು ಅಂಗರಚನಾತಜ್ಞ ಮ್ಯಾಕೋನೇಲ್ 1932ರಲ್ಲಿ ವಾದಿಸಿದ್ದರು. ರೈಟಿಂಗ್ಟನ್‌ನ ಶಸ್ತ್ರವೈದ್ಯ ಜಾನ್ ಚಾರ್ನ್ಲಿ ಇದನ್ನು ಒಪ್ಪಲಿಲ್ಲ. ಕೀಲು ಬೇರಿಂಗಿನಂತೆ ಒಂದೇ ವೇಗದಲ್ಲಿ ತಿರುಗುವುದಿಲ್ಲ. ನಿಲ್ಲುತ್ತದೆ, ಹಿಂದೆ ಮುಂದೆ ಚಲಿಸುತ್ತದೆ. ನುಣುಪು ಮೃದ್ವಸ್ಥಿಯ ಮೇಲ್ಮೈಯ ಗುಣವೇ ಎಂಬುದು ಅವರ ನಿಲುವು. ಹಾಗಾದರೆ ಕೃತಕ ಕೀಲಿಗೂ ಸಹಜವಾಗಿ ಜಾರುವ ವಸ್ತು ಬೇಕು. 1958ರ ಹೊತ್ತಿಗೆ ಅವರು ಸೊಂಟದ ಕೃತಕ ಕೀಲಿಗೆ ಟೆಫ್ಲಾನ್ ಆರಿಸಿಕೊಂಡರು. ಘರ್ಷಣೆಯ ಸೆಳೆತಕ್ಕೆ ಕೀಲಿನ ಬಟ್ಟಲು ಸಡಿಲವಾಗಬಾರದೆಂದು ಅದರೊಳಗೆ ತಿರುಗುವ ಲೋಹದ ಗುಂಡಿನ ವ್ಯಾಸವನ್ನು ಕೊನೆಗೆ ಸುಮಾರು 22 ಮಿ.ಮೀ.ಗೆ ಇಳಿಸಿದರು.

ತರ್ಕದಲ್ಲಿ ಲೋಪವಿರಲಿಲ್ಲ. ರೋಗಿಗಳ ನೋವೂ ಹೋಯಿತು. ಆದರೆ ಕೆಲವೇ ವರ್ಷಗಳಲ್ಲಿ ಗುಂಡು ಬಟ್ಟಲನ್ನು ಕೊರೆದು ಒಳಗಿಳಿಯತೊಡಗಿತು. ಉದುರಿದ ಪುಡಿಗೆ ಸುತ್ತಲಿನ ಅಂಗಾಂಶ ಕೆರಳಿತು. ಸುಮಾರು 300 ರೋಗಿಗಳಿಗೆ ಟೆಫ್ಲಾನ್ ಬಟ್ಟಲು ಕೂರಿಸಿಯಾಗಿತ್ತು. ಜಾರುವ ವಸ್ತು ಸವೆಯುವುದಿಲ್ಲ ಎಂಬ ಊಹೆಯನ್ನು ಯಾರೂ ಮೊದಲೇ ಯಂತ್ರಕ್ಕೆ ಒಡ್ಡಿರಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ವಸ್ತುವಿನ ಸೋಲಿಗಿಂತ ಹೆಚ್ಚಾಗಿ ಪರೀಕ್ಷಾಕ್ರಮದ ಸೋಲು.

ಆ ಕೊರತೆಯನ್ನು ತುಂಬಿದವರು ಆಸ್ಪತ್ರೆಯ ವರ್ಕ್‌ಶಾಪಿನ ಹ್ಯಾರಿ ಕ್ರೇವನ್. ಸವೆತ ಅಳೆಯುವ ಯಂತ್ರವನ್ನು ಅವರೇ ಕಟ್ಟಿದರು. 1962ರಲ್ಲಿ ಮಾರಾಟಗಾರನೊಬ್ಬ ಹೊಸ ಪ್ಲಾಸ್ಟಿಕ್ ಒಂದನ್ನು ತಂದ: ಲ್ಯಾಂಕಶೈರಿನ ಮಗ್ಗಗಳ ಗಿಯರುಗಳಿಗೆ ಬಳಸುತ್ತಿದ್ದ ಪಾಲಿಎಥಿಲೀನ್. ಚಾರ್ನ್ಲಿ ಅದಕ್ಕೆ ಉಗುರು ಚುಚ್ಚಿ ನೋಡಿ, ಸಮಯ ವ್ಯರ್ಥವೆಂದು ಹೊರಟುಹೋದರು. ಅವರು ಕೋಪನ್‌ಹೇಗನ್‌ನಲ್ಲಿದ್ದಾಗ ಕ್ರೇವನ್ ಯಂತ್ರ ಹೂಡಿಯೇಬಿಟ್ಟರು. ಟೆಫ್ಲಾನ್ ಒಂದು ದಿನದಲ್ಲಿ ಸವೆಯುತ್ತಿದ್ದಷ್ಟೂ ಇದು ಮೂರು ವಾರದಲ್ಲಿ ಸವೆಯಲಿಲ್ಲ. ಇದರ ಘರ್ಷಣೆ ಟೆಫ್ಲಾನ್‌ಗಿಂತ ಹೆಚ್ಚು ಎಂಬುದನ್ನು ಗಮನಿಸಬೇಕು. ಅದೇ ವರ್ಷದ ನವೆಂಬರಿನಲ್ಲಿ ಹೊಸ ಬಟ್ಟಲು ರೋಗಿಯ ಸೊಂಟ ಸೇರಿತು.

ಬಳಿಕ ಈ ಬಗೆಯ ಕೂಡುಕೆಲಸ ವಿಶ್ವವಿದ್ಯಾಲಯಗಳಲ್ಲಿ ನೆಲೆ ಕಂಡಿತು. ಲೀಡ್ಸ್‌ನಲ್ಲಿ ಎಂಜಿನಿಯರ್ ಡಂಕನ್ ಡೌಸನ್ ಮತ್ತು ಸಂಧಿವಾತ ತಜ್ಞ ವರ್ನಾ ರೈಟ್ ಜೊತೆಗೂಡಿದರು. ಗಾಯಗೊಂಡ ಕೀಲಿನ ಅಧ್ಯಯನಕ್ಕೂ ಇದರಿಂದ ಬಲ ಬಂತು. ಮಂಡಿಯ ಮೂಳೆಗಳ ನಡುವಿನ ಪಟ್ಟಿಯಾದ ಮೆನಿಸ್ಕಸ್ ತೆಗೆದವರ ಎಕ್ಸ್‌ರೇಗಳಲ್ಲಿ ಬದಲಾವಣೆ ಕಾಣುವುದನ್ನು ಶಸ್ತ್ರವೈದ್ಯ ಫೇರ್‌ಬ್ಯಾಂಕ್ 1948ರಲ್ಲೇ ದಾಖಲಿಸಿದ್ದರು. ಆ ತೆಳು ಪಟ್ಟಿ ಎಷ್ಟು ಭಾರ ಹೊರುತ್ತದೆಂಬುದು ಸ್ಪಷ್ಟವಾದದ್ದು 1970ರ ದಶಕದಲ್ಲಿ, ಲೀಡ್ಸ್‌ನ ಸೀಡಮ್ ಮೊದಲಾದವರು ಮಂಡಿಯನ್ನು ಯಂತ್ರದಲ್ಲಿಟ್ಟು ಒತ್ತಿ ಅಳೆದ ಮೇಲೆ. ಮೆನಿಸ್ಕಸ್ ಇಲ್ಲದಾಗ ಮೂಳೆಗಳು ತಾಗುವ ಜಾಗ ಕುಗ್ಗಿ, ಅಷ್ಟೇ ಭಾರ ಕಿರಿದಾದ ಮೃದ್ವಸ್ಥಿಯ ಮೇಲೆ ಬೀಳುತ್ತದೆ. ಹರಿದ ಮೆನಿಸ್ಕಸನ್ನು ಪೂರ್ತಿ ಕಿತ್ತುಹಾಕುವ ರೂಢಿ ಆಮೇಲೆ ಹಿಂದೆ ಸರಿದು, ಆದಷ್ಟನ್ನು ಉಳಿಸುವ, ಹೊಲಿಯುವ ಪದ್ಧತಿ ಬಂತು.