ರಾಣಿಯ ಗುರುತು

ಮಳೆಗಾಲ ಶುರುವಾಯಿತೆಂದರೆ ಈ ಮುಂಬಯಿಯಲ್ಲೂ ಟ್ಯೂಬ್‌ಲೈಟಿನ ಸುತ್ತ ರೆಕ್ಕೆ ಹುಳುಗಳ ಜಾತ್ರೆ. ಊರಲ್ಲಿ ಎಲ್ಲವನ್ನೂ ಮಳೆಹುಳ ಅಂದುಬಿಡುತ್ತಿದ್ದೆವು. ಅದರಲ್ಲಿ ಗೆದ್ದಲೂ ಇರುತ್ತದೆ, ಇರುವೆಯೂ ಇರುತ್ತದೆ. ಗೆದ್ದಲಿಗೆ ಸೊಂಟವಿಲ್ಲ, ನಾಲ್ಕು ರೆಕ್ಕೆಯೂ ಒಂದೇ ಅಳತೆ. ಇರುವೆಗೆ ದಾರ ಬಿಗಿದಂಥ ಸೊಂಟ, ಮುಂದಿನ ರೆಕ್ಕೆ ದೊಡ್ಡದು. ಗಂಡಿನ ಜೊತೆ ಕೂಡಿದ ಮೇಲೆ ರಾಣಿ ರೆಕ್ಕೆ ಉದುರಿಸಿ ಗೂಡಿಗೆ ಜಾಗ ಹುಡುಕುತ್ತಾಳೆ. ಅವಳ ದಪ್ಪ ಎದೆಯ ಮೇಲೆ ರೆಕ್ಕೆ ಕಳಚಿದ ಗುರುತು ಉಳಿಯುತ್ತದೆ.

ಈಗ ಇಂಥ ರಾಣಿಯನ್ನು ಹಿಡಿದು ಗಾಜಿನ ನಳಿಕೆಯಲ್ಲಿ ಸಾಕುವ ಹುಡುಗರಿದ್ದಾರೆ. ನಮ್ಮ ಸೊಸೈಟಿಯಲ್ಲೂ ಒಬ್ಬನಿದ್ದಾನೆ. "ಅಂಕಲ್, ಇದು ಯಾವ ಜಾತಿ?" ಎಂಬ ಅವನ ಪ್ರಶ್ನೆಯ ಹಿಂದೆ ಹೋದಾಗ ಸಿಕ್ಕಿದ್ದು ಒಂದೂಮುಕ್ಕಾಲು ಶತಮಾನದ ಕಥೆ.

ಮೊದಲಿಗೆ ಮದ್ರಾಸು. ಕಂಪನಿ ಸರ್ಕಾರದ ವೈದ್ಯ ಟಿ. ಸಿ. ಜೆರ್ಡನ್ 1851ರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿಯೊಂದನ್ನು ಅಲ್ಲಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಕುಡುಗೋಲಿನಂಥ ದವಡೆಯ, ಜಿಗಿದು ಬೇಟೆಯಾಡುವ ಇರುವೆಗೆ ಹಾರ್ಪೆಗ್ನಾಥೋಸ್ ಸಾಲ್ಟೇಟರ್ ಎಂದು ಹೆಸರಿಟ್ಟವನು ಅವನೇ.

ಆಮೇಲೆ ನಮ್ಮ ಮುಂಬಯಿ. 1883ರಲ್ಲಿ ಇಲ್ಲಿ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿತು. ಸ್ಥಾಪಕರಲ್ಲೊಬ್ಬನಾದ ಇ. ಎಚ್. ಐಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯವನು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಉತ್ತರ ಕನ್ನಡದಲ್ಲಿ ಕೆಲಸ ಮಾಡುತ್ತ ಇರುವೆ ಹಿಡಿದ. ಅರಣ್ಯಾಧಿಕಾರಿ ಆರ್. ಸಿ. ರಾಟನ್ 1892ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ 'ನಮ್ಮ ಇರುವೆಗಳು' ಎಂದು ಬರೆದ. ಮಾದರಿಗಳು ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಗಸ್ಟ್ ಫೋರೆಲ್‌ಗೆ ಹೋದವು. ಅವನು ವರ್ಣಿಸಿದ್ದು ಫ್ರೆಂಚಿನಲ್ಲಿ, ಅಚ್ಚಾದದ್ದು ಮತ್ತೆ ಮುಂಬಯಿಯಲ್ಲಿ. ನೋಡಿ, ಕೆಲಸಕ್ಕೆಂದು ಊರು ಬಿಟ್ಟು ಬಂದವರು ನಾವು ಮಾತ್ರ ಅಲ್ಲ!

1903ರಲ್ಲಿ ಸಿ. ಟಿ. ಬಿಂಗಮ್ ಇದೆಲ್ಲವನ್ನೂ ಒಂದೇ ಸಂಪುಟಕ್ಕೆ ತಂದ. ಸೊಂಟದಲ್ಲಿ ಗಂಟು ಒಂದೋ ಎರಡೋ, ಮೀಸೆಯಲ್ಲಿ ಎಷ್ಟು ಕೀಲು, ದವಡೆಯ ಆಕಾರ ಹೇಗೆ ಎಂದು ಹಂತಹಂತವಾಗಿ ಜಾತಿಗೆ ಮುಟ್ಟುವ ದಾರಿ ಅದು. ತೊಡಕು ಒಂದೇ. ಇಂಥ ಪುಸ್ತಕಗಳು ನಿಂತಿರುವುದು ಹೆಚ್ಚಾಗಿ ಕೆಲಸಗಾರ ಇರುವೆಗಳ ಮೇಲೆ. ಅವು ವರ್ಷವಿಡೀ ಸಿಗುತ್ತವೆ. ರಾಣಿ ಹೊರಗೆ ಕಾಣುವುದು ಮಳೆಯ ಒಂದೆರಡು ಸಂಜೆ.

ಗುರುತು ತಪ್ಪಿದರೆ ಏನಾಗುತ್ತದೆ? ಜೀವವೇ ಹೋಗಬಹುದು. ಕಪ್ಪು ಗೊದ್ದದ ರಾಣಿ ಗೂಡಿನ ಬಾಗಿಲು ಮುಚ್ಚಿಕೊಂಡು, ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿ ಮೊದಲ ಮರಿಗಳನ್ನು ಸಾಕುತ್ತಾಳೆ. ಅವಳಿಗೆ ನೀರು, ಹತ್ತಿ, ಕತ್ತಲೆ ಸಾಕು. ಜಿಗಿಯುವ ಇರುವೆಯ ರಾಣಿ ಹಾಗಲ್ಲ, ತಾನೇ ಬೇಟೆಗೆ ಹೋಗುತ್ತಾಳೆ. ಅವಳನ್ನು ಗೊದ್ದವೆಂದು ಕತ್ತಲಲ್ಲಿ ಬಿಟ್ಟರೆ ಉಪವಾಸ ಬಿದ್ದು ಸಾಯುತ್ತಾಳೆ.

ಈ ಜಿಗಿಯುವ ಇರುವೆಯೇ 'ರಾಣಿ' ಎಂಬ ಮಾತನ್ನೂ ಅಲುಗಾಡಿಸಿತು. ಇದರ ಗೂಡಿನ ರಚನೆಯ ಬಗ್ಗೆ 1994ರಲ್ಲಿ ಬಂದ ಪ್ರಬಂಧದಲ್ಲಿ ಪೀಟರ್ಸ್, ಹೋಲ್‌ಡಾಬ್ಲರ್ ಜೊತೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಮುಸ್ತಾಕ್ ಅಲಿಯವರ ಹೆಸರೂ ಇದೆ. ಇದರಲ್ಲಿ ರಾಣಿ ಸತ್ತರೆ ಕೆಲಸಗಾರ್ತಿಯರು ಮೀಸೆಯಿಂದ ಬಡಿದಾಡುತ್ತಾರೆ, ಗೆದ್ದವರು ಮೊಟ್ಟೆಯಿಡುತ್ತಾರೆ. ಹಾಗೆ ಬಡ್ತಿ ಪಡೆದವಳ ಮೆದುಳು ಸುಮಾರು ಐದನೇ ಒಂದು ಪಾಲು ಕುಗ್ಗುತ್ತದೆ, ಕೆಳಗಿಳಿದರೆ ಮತ್ತೆ ಬೆಳೆಯುತ್ತದೆ ಎಂದು 2021ರಲ್ಲಿ ತಿಳಿಯಿತು. ಡಯಾಕಮಾ ಎಂಬ ಕಪ್ಪಿರುವೆಯಲ್ಲಂತೂ ರಾಣಿಯೆಂಬ ಪ್ರತ್ಯೇಕ ಜಾತಿಯೇ ಇಲ್ಲ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಸಿಕ್ಕಿದ ದಿನ, ಜಾಗ, ಮಳೆ ಬಂದ ಹೊತ್ತು ಬರೆದಿಡು. ಗುರುತು ಖಚಿತವಾಗುವ ತನಕ ಒಂದು ಸಣ್ಣ ಹುಳ ಇಟ್ಟು ನೋಡು, ಮುಟ್ಟದಿದ್ದರೆ ಮರುದಿನ ತೆಗೆ. ಮೊದಲ ಕೆಲಸಗಾರರು ಹುಟ್ಟಿದ ಮೇಲೆ ಪುಸ್ತಕ ತೆರೆ.

ಅಂದಹಾಗೆ ಗೊದ್ದ, ಕೆಂಜಿಗ, ಚಗಳಿ, ಕಟ್ಟಿರುವೆ ಎಂಬ ಹೆಸರುಗಳನ್ನು ಯಾವ ಸಾಹೇಬನೂ ಇಟ್ಟದ್ದಲ್ಲ. ನಿಮ್ಮೂರಲ್ಲಿ ಇನ್ನೇನೇನು ಹೆಸರಿವೆ? ಮರೆಯುವ ಮುಂಚೆ ಬರೆದು ತಿಳಿಸಿ.